ಸೂಪರ್ ಕರೆದರೆ ಓಗೊಡುವವರು ಯಾರು? ಮಿಕ್ಸಿನ್ ಬಳಸುವ ಕ್ರಮ

ಮಂಡ್ಯದ ಹತ್ತಿರದ ಆಲೆಮನೆಯೊಂದಕ್ಕೆ ಬಿಲ್ ಹಾಕುವ ಪುಟ್ಟ ವೆಬ್‌ಸೈಟ್ ಮಾಡಿಕೊಟ್ಟಾಗ ಮೊದಲ ಬಿಲ್ಲಿನಲ್ಲೇ 25 ರೂಪಾಯಿ ಕಡಿಮೆ ಬಂದಿತ್ತು. ಮಾಲೀಕರು ಮೊಬೈಲಿನಲ್ಲಿ ಲೆಕ್ಕ ಹಾಕಿ ನೋಡಿ, "ಬೆಲ್ಲಕ್ಕೆ ಬಿಟ್ಕೊಡ್ತೀನಿ ಸಾರ್, ಗಾಡಿ ಬಾಡಿಗೆಗೂ ಯಾಕ್ ಬಿಡ್ಲಿ?" ಎಂದು ಕೇಳಿದರು. ಕೂಡುವುದರಲ್ಲಾಗಲಿ ಗುಣಿಸುವುದರಲ್ಲಾಗಲಿ ತಪ್ಪಿರಲಿಲ್ಲ. ನಾನು ಬರೆದ ಒಂದು ಸಾಲಿನಲ್ಲಿ ಎರಡು ಹೆಸರುಗಳು ಅದಲುಬದಲಾಗಿದ್ದವು. ಪೈಥಾನ್‌ನಲ್ಲಿ ವೆಬ್ ಕೆಲಸ ಕಲಿಯುತ್ತಿರುವವರು ಈ ಒಂದು ಸಾಲನ್ನು ಸರಿಯಾಗಿ ಬರೆಯಲು ಕಲಿತರೆ ಮುಂದೆ ಎಷ್ಟೋ ತೊಡಕು ತಪ್ಪುತ್ತದೆ.

ಮೊದಲು ಪೇರೆಂಟ್ ಕ್ಲಾಸ್, ಅಂದರೆ ಬೇರೆ ಕ್ಲಾಸುಗಳಿಗೆ ಆಧಾರವಾಗುವ ಮೂಲ ಕ್ಲಾಸ್ ಬರೆಯಿರಿ. ಪೈಥಾನ್ 3 ಕನ್ನಡದ ಹೆಸರುಗಳನ್ನೂ ಒಪ್ಪುವುದರಿಂದ ಅದನ್ನು 'ಬಿಲ್' ಎಂದೇ ಕರೆಯಬಹುದು. ಅದರೊಳಗೆ 'ಮೊತ್ತ' ಎಂಬ ಮೆಥಡ್ (ಕ್ಲಾಸಿನೊಳಗಿನ ಫಂಕ್ಷನ್) ಇರಲಿ. ತೂಕವನ್ನು ದರದಿಂದ ಗುಣಿಸುವುದಷ್ಟೇ ಅದರ ಕೆಲಸ. ಉದಾಹರಣೆಗೆ, ಕ್ವಿಂಟಲಿಗೆ 4,000 ರೂಪಾಯಿಯಂತೆ 10 ಕ್ವಿಂಟಲ್ ಬೆಲ್ಲಕ್ಕೆ 40,000 ರೂಪಾಯಿ.

ಆಮೇಲೆ ಎರಡು ಮಿಕ್ಸಿನ್‌ಗಳನ್ನು ಬರೆಯಿರಿ. ಮಿಕ್ಸಿನ್ ಎಂದರೆ ತಾನೊಂದೇ ನಿಂತು ಕೆಲಸ ಮಾಡದ, ಬೇರೆ ಕ್ಲಾಸಿನ ಜೊತೆ ಸೇರಿ ಅದಕ್ಕೊಂದು ಗುಣ ಕೊಡುವ ಚಿಕ್ಕ ಕ್ಲಾಸ್. (ಅಮೆರಿಕದ ಸಾಮರ್‌ವಿಲ್‌ನ ಸ್ಟೀವ್ಸ್ ಎಂಬ ಐಸ್‌ಕ್ರೀಮ್ ಅಂಗಡಿಯಲ್ಲಿ ಗಿರಾಕಿ ಕೇಳಿದ್ದನ್ನು ಐಸ್‌ಕ್ರೀಮಿಗೆ ಕಲಸಿಕೊಡುತ್ತಿದ್ದರು; ಈ ಹೆಸರು ಬಂದದ್ದು ಅಲ್ಲಿಂದ.) 'ರಿಯಾಯಿತಿ' ಮಿಕ್ಸಿನ್‌ನ 'ಮೊತ್ತ' ಮೆಥಡ್, ಸೂಪರ್ (ಇನ್ನೊಂದು ಕ್ಲಾಸಿನಲ್ಲಿರುವ ಅದೇ ಹೆಸರಿನ ಮೆಥಡನ್ನು ಕರೆಯಲು ಪೈಥಾನ್‌ನಲ್ಲಿರುವ ಪದ) ಮೂಲಕ ಬಂದ ಮೊತ್ತದಲ್ಲಿ ಶೇ 5 ಕಳೆಯಲಿ. 'ಗಾಡಿಬಾಡಿಗೆ' ಮಿಕ್ಸಿನ್‌ನ 'ಮೊತ್ತ', ಸೂಪರ್ ಮೂಲಕ ಬಂದದ್ದಕ್ಕೆ 500 ರೂಪಾಯಿ ಸೇರಿಸಲಿ.

ಇನ್ನು ಇವನ್ನು ಕೂಡಿಸಬೇಕು. 'ಬೆಲ್ಲದಬಿಲ್' ಎಂಬ ಹೊಸ ಕ್ಲಾಸಿನ ಆವರಣದೊಳಗೆ ನಾನು ರಿಯಾಯಿತಿ, ಗಾಡಿಬಾಡಿಗೆ, ಬಿಲ್ ಎಂದು ಬರೆದಿದ್ದೆ. ಪೈಥಾನ್ ಮೆಥಡ್ ಹುಡುಕುವುದು ಎಡದಿಂದ ಬಲಕ್ಕೆ. ರಿಯಾಯಿತಿ ಮೊದಲು ಸಿಕ್ಕಿತು. ಅದು ಸೂಪರ್ ಕರೆದಾಗ ಓಗೊಟ್ಟದ್ದು ಬಿಲ್ ಅಲ್ಲ, ಪಕ್ಕದಲ್ಲಿದ್ದ ಗಾಡಿಬಾಡಿಗೆ. ಹೀಗಾಗಿ 40,000ಕ್ಕೆ ಬಾಡಿಗೆ ಸೇರಿ 40,500 ಆಗಿ, ಅದರ ಮೇಲೆ ಶೇ 5 ಕಳೆದು 38,475 ಬಂತು. ಗಾಡಿಬಾಡಿಗೆ, ರಿಯಾಯಿತಿ, ಬಿಲ್ ಎಂದು ತಿದ್ದಿದ ಕೂಡಲೇ ಮಾಲೀಕರ ಲೆಕ್ಕದಂತೆ 38,500 ಬಂತು.

ಸೂಪರ್ ಎಂದರೆ ಪೇರೆಂಟ್ ಕ್ಲಾಸ್ ಎಂದು ಹಲವರು ಕಲಿತಿರುತ್ತಾರೆ, ನಾನೂ ಹಾಗೆಯೇ ಕಲಿತಿದ್ದೆ. ಆದರೆ ಸೂಪರ್ ಎಂದರೆ ಸಾಲಿನಲ್ಲಿ ತನ್ನ ನಂತರ ನಿಂತವರು. ರಿಯಾಯಿತಿ ಬರೆಯುವಾಗ ಗಾಡಿಬಾಡಿಗೆ ಎಂಬುದು ಹುಟ್ಟೇ ಇಲ್ಲದಿದ್ದರೂ, ನಾಳೆ ಅದು ಪಕ್ಕಕ್ಕೆ ಬಂದು ನಿಲ್ಲಬಹುದು. ಸಾಲನ್ನು ನಿರ್ಧರಿಸುವ ಸಿ3 ಎಂಬ ಕ್ರಮ 2003ರಲ್ಲಿ ಬಂದ ಪೈಥಾನ್ 2.3ರಿಂದ ಜಾರಿಯಲ್ಲಿದೆ. ಕ್ಲಾಸಿನ ಹೆಸರಿನ ನಂತರ ಚುಕ್ಕಿಯಿಟ್ಟು ಎಂಆರ್‌ಒ (mro) ಎಂಬ ಮೆಥಡ್ ಕರೆದರೆ ಇಡೀ ಸಾಲು ತೆರೆಯ ಮೇಲೆ ಬರುತ್ತದೆ. ಊಹೆ ಮಾಡುತ್ತಾ ಕೂರುವ ಬದಲು ಇದನ್ನು ಒಮ್ಮೆ ನೋಡಿಬಿಡುವುದು ಒಳ್ಳೆಯದು.

ಇದಕ್ಕಿಂತ ಅಪಾಯಕಾರಿಯಾದ ತಪ್ಪು ಇನ್ನೊಂದಿದೆ. ರಿಯಾಯಿತಿಯೊಳಗೆ ಸೂಪರ್ ಬದಲು ಬಿಲ್ ಎಂದು ಹೆಸರು ಹಿಡಿದೇ ಅದರ ಮೊತ್ತವನ್ನು ಕರೆದರೆ, ತಿದ್ದಿದ ಸಾಲಿನಲ್ಲಿ 38,500 ಸರಿಯಾಗಿಯೇ ಬರುತ್ತದೆ, ಏಕೆಂದರೆ ಅಲ್ಲಿ ರಿಯಾಯಿತಿಯ ಮುಂದೆ ಇರುವುದು ಬಿಲ್ ಮಾತ್ರ. ಆದರೆ ಬೇರೊಬ್ಬರು ಅದೇ ಮಿಕ್ಸಿನ್ ಅನ್ನು ಗಾಡಿಬಾಡಿಗೆಗಿಂತ ಎಡಕ್ಕೆ ಇಟ್ಟ ದಿನ ನಡುವಿನ 500 ರೂಪಾಯಿ ಯಾವ ಎರರ್ ಸಂದೇಶವೂ ಇಲ್ಲದೆ ಮಾಯವಾಗಿ 38,000 ಬರುತ್ತದೆ. ಆದ್ದರಿಂದ ಮಿಕ್ಸಿನ್‌ನೊಳಗೆ ಪೇರೆಂಟ್ ಕ್ಲಾಸಿನ ಹೆಸರು ಬರೆಯಬಾರದು, ಮೊತ್ತ ಲೆಕ್ಕ ಹಾಕುವಾಗ ಸೂಪರ್ ಕರೆಯುವುದನ್ನು ಮರೆಯಲೂಬಾರದು.

ವೆಬ್ ಕೆಲಸದ ಇನ್ನೊಂದು ಭಾಷೆಯಾದ ಪಿಎಚ್‌ಪಿಯಲ್ಲಿ ಇದೇ ಕೆಲಸಕ್ಕೆ 5.4ನೇ ಆವೃತ್ತಿಯಿಂದ ಟ್ರೇಟ್ ಇದೆ, ನಿಯಮ ಬೇರೆ. ಕ್ಲಾಸಿನ ಸ್ವಂತ ಮೆಥಡ್ ಟ್ರೇಟ್‌ನದನ್ನು ಮೀರುತ್ತದೆ, ಟ್ರೇಟ್‌ನದು ಪೇರೆಂಟ್‌ನಿಂದ ಬಂದದ್ದನ್ನು ಮೀರುತ್ತದೆ. ಎರಡು ಟ್ರೇಟ್‌ಗಳಲ್ಲಿ ಒಂದೇ ಹೆಸರಿನ ಮೆಥಡ್ ಇದ್ದರೆ, ಯಾವುದು ಬೇಕೆಂದು ಹೇಳುವವರೆಗೆ ಪ್ರೋಗ್ರಾಮ್ ಓಡುವುದೇ ಇಲ್ಲ.

ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟುವ ಚೌಕಟ್ಟಾದ ಜ್ಯಾಂಗೊ ಬಳಸುವವರು ಕೊನೆಯದಾಗಿ ಇದನ್ನು ನೋಡಿಕೊಳ್ಳಬೇಕು. ಲಾಗಿನ್ ಆದವರಿಗೆ ಮಾತ್ರ ಪುಟ ತೋರಿಸುವ ಲಾಗಿನ್‌ರಿಕ್ವೈರ್ಡ್‌ಮಿಕ್ಸಿನ್ ಅನ್ನು, ಪಟ್ಟಿಯ ಪುಟ ತೋರಿಸುವ ಲಿಸ್ಟ್‌ವ್ಯೂ ಕ್ಲಾಸಿನ ಎಡಕ್ಕೇ ಬರೆಯಬೇಕು. ಬಲಕ್ಕೆ ಬರೆದರೆ, ಲಿಸ್ಟ್‌ವ್ಯೂನ ಮೂಲವಾದ ವ್ಯೂ ಕ್ಲಾಸಿನಲ್ಲಿ ಪುಟದ ಕೋರಿಕೆಯನ್ನು ಮೊದಲು ಪಡೆಯುವ ಡಿಸ್ಪ್ಯಾಚ್ ಮೆಥಡ್ ಸೂಪರ್ ಕರೆಯದ ಕಾರಣ, ಸರದಿ ಮಿಕ್ಸಿನ್‌ವರೆಗೆ ತಲುಪುವುದೇ ಇಲ್ಲ. ಗಿರಾಕಿಗಳ ಬಾಕಿಯ ಪಟ್ಟಿ ಯಾರಿಗೆ ಬೇಕಾದರೂ ತೆರೆದುಕೊಳ್ಳುತ್ತದೆ. ಲಾಗಿನ್ ಆಗಿಯೇ ಪರೀಕ್ಷಿಸಿದರೆ ಇದು ಗೊತ್ತಾಗದು. ಸೈಟನ್ನು ಒಪ್ಪಿಸುವ ಮೊದಲು ಲಾಗ್‌ಔಟ್ ಮಾಡಿ, ಅದೇ ವಿಳಾಸವನ್ನು ಮತ್ತೆ ತೆರೆದು, ಲಾಗಿನ್ ಪುಟವೇ ಬರುತ್ತದೆಯೇ ಎಂದು ಕಣ್ಣಾರೆ ನೋಡಿ.