ರಿಪೋರ್ಟಿನಲ್ಲಿ 'ಅಕ್ಯೂಟ್' ಅಂತ ಕಂಡರೆ

ಹೋದ ಮಳೆಗಾಲ ಡೊಂಬಿವಲಿಯಲ್ಲಿ ನಮ್ಮ ಅತ್ತೆಗೆ ವಾಂತಿ, ಭೇದಿ. ಎರಡು ದಿನ ಆಸ್ಪತ್ರೆ, ಸಲೈನ್. ಡಿಸ್ಚಾರ್ಜ್ ಕಾಗದದಲ್ಲಿ 'ಅಕ್ಯೂಟ್ ಗ್ಯಾಸ್ಟ್ರೋಎಂಟರೈಟಿಸ್' (ಹೊಟ್ಟೆ, ಕರುಳಿನ ಉರಿಯೂತ) ಅಂತ ಇತ್ತು. ನನ್ನ ಗಂಡ ಹುಬ್ಬಳ್ಳಿಯ ಭಾವನಿಗೆ ಫೋನ್ ಮಾಡಿ 'ತೀವ್ರ ಅಂತ ಬರೆದಿದ್ದಾರೆ' ಅಂದುಬಿಟ್ಟರು. ಭಾವ ರಾತ್ರಿ ಬಸ್ಸು ಹಿಡಿದು ಬೆಳಗ್ಗೆ ಬಾಗಿಲಲ್ಲಿ ನಿಂತಿದ್ದರು. ಅತ್ತೆ ಮೊಸರನ್ನ ಕಲಸುತ್ತಾ, 'ಯಾಕ ಬಂದ್ಯೋ, ರಜಾ ಇತ್ತೇನು?' ಅಂದರು.

ಗಂಡನದೇ ತಪ್ಪು ಅನ್ನಲಾರೆ. ಕನ್ನಡದಲ್ಲೂ ಇಲ್ಲಿನ ಮರಾಠಿಯಲ್ಲೂ ಅಕ್ಯೂಟ್‌ಗೆ 'ತೀವ್ರ' ಅಂತಲೇ ಬರೆಯುತ್ತಾರೆ. ತೀವ್ರ ಅಂದ ಕೂಡಲೇ ನಮಗೆ ತೀವ್ರ ನಿಗಾ ಘಟಕ ಕಣ್ಣಿಗೆ ಬರುತ್ತದೆ, ಅಲ್ವಾ? ಮೂಲ ಲ್ಯಾಟಿನ್ ಪದಕ್ಕೆ ಚೂಪು ಅಂತ ಅರ್ಥ. (ಶಾಲೆಯ ಗಣಿತದಲ್ಲಿ ಇದೇ ಅಕ್ಯೂಟ್ 'ಲಘುಕೋನ'. ಅಲ್ಲಿ ಲಘು, ಇಲ್ಲಿ ತೀವ್ರ!) ಡಾಕ್ಟರು ಹೇಳುವುದು ಇಷ್ಟೇ: ದಿಢೀರ್ ಶುರುವಾದದ್ದು, ಈಚಿನದು. ನೆಗಡಿಯೂ ಅಕ್ಯೂಟ್, ಹಾರ್ಟ್ ಅಟ್ಯಾಕೂ ಅಕ್ಯೂಟ್.

ಹಾಗಾಗಿ ಓದುವಾಗ ಆ ಜಾಗದಲ್ಲಿ 'ದಿಢೀರ್' ಅಂತ ಹಾಕಿಕೊಳ್ಳಿ. ಎಷ್ಟು ಜೋರು ಅನ್ನುವುದಕ್ಕೆ ಬೇರೆ ಪದ ಹುಡುಕಿ: ಮೈಲ್ಡ್, ಮಾಡರೇಟ್, ಸಿವಿಯರ್. 'ಮೈಲ್ಡ್ ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್' (ಮೇದೋಜೀರಕ ಗ್ರಂಥಿಯ ಉರಿಯೂತ) ಅಂತಲೂ ಬರೆಯುತ್ತಾರೆ, ಅದರಲ್ಲಿ ವಿರೋಧ ಏನೂ ಇಲ್ಲ. ಅಂಥ ಪದ ಕಾಣದಿದ್ದರೆ ಎರಡು ಪ್ರಶ್ನೆ ಬೇರೆ ಬೇರೆಯಾಗಿ ಕೇಳಿ. ಎಷ್ಟು ದಿನದ್ದು? ಎಷ್ಟು ಜೋರು?

ಅಕ್ಯೂಟ್‌ಗೆ ಎದುರು ಪದ 'ಕ್ರಾನಿಕ್', ಅದು ಬಂದಿರುವುದು ಗ್ರೀಕಿನ ಕಾಲ ಅನ್ನುವ ಪದದಿಂದ. ಪಕ್ಕದ ಮನೆ ಅಜ್ಜಿ ಮರಾಠಿಯಲ್ಲಿ 'ಜುನಾಟ್' ಅಂತಾರೆ. ನಮ್ಮ 'ದೀರ್ಘಕಾಲಿಕ'ಕ್ಕಿಂತ ಅದೇ ಚೆಂದ. ಎಷ್ಟು ಹಳೆಯದಾದರೆ ಜುನಾಟ್ ಅನ್ನುವುದು ಕಾಯಿಲೆಯ ಮೇಲೆ ಹೋಗುತ್ತದೆ. ದೊಡ್ಡವರ ಕೆಮ್ಮು 3 ವಾರದೊಳಗಿದ್ದರೆ ಅಕ್ಯೂಟ್, 8 ವಾರ ದಾಟಿದರೆ ಕ್ರಾನಿಕ್, ನಡುವಿನದು ಸಬ್‌ಅಕ್ಯೂಟ್. ಕಿಡ್ನಿಗಾದರೆ 3 ತಿಂಗಳ ಲೆಕ್ಕ. ಕ್ರಾನಿಕ್ ಅಂದರೆ ವಾಸಿಯಾಗುವುದೇ ಇಲ್ಲ ಅಂತ ಸುಮ್ನೆ ಕೈಚೆಲ್ಲಬೇಡಿ.

'ಅಕ್ಯೂಟ್ ಆನ್ ಕ್ರಾನಿಕ್' ಅಂತ ಕಂಡರೆ ಮಾತ್ರ ಜಾಸ್ತಿ ಗಮನ ಕೊಡಿ. ಹಳೇ ಕಾಯಿಲೆ ಈಗ ಏಕಾಏಕಿ ಕೆರಳಿದೆ ಅಂತ ಅರ್ಥ. ಕಿಡ್ನಿ ಮೊದಲೇ ಸೊರಗಿದವರಿಗೆ ಭೇದಿಯಾಗಿ, ಮೈಯ ನೀರು ಇಳಿದು, ಕ್ರಿಯಾಟಿನಿನ್ (ಕಿಡ್ನಿ ರಕ್ತದಿಂದ ಸೋಸಿ ಹೊರಹಾಕಬೇಕಾದ ಕಸ) ಸರ್ರನೆ ಏರುವುದು ಹೀಗೇ. ಅಂಥವರ ಮನೆಯಿಂದ ಫೋನ್ ಬಂದರೆ ಭಾವ ಮತ್ತೆ ಬಸ್ಸು ಹಿಡಿಯಲಿ, ನಾನೇನೂ ಅನ್ನುವುದಿಲ್ಲ.