ಕಾಡಿನ ಕೇಪಳವನ್ನು ಗುರುತಿಸಿ ಮನೆಯಂಗಳದಲ್ಲಿ ಬೆಳೆಸುವ ಕ್ರಮ

ಕರಾವಳಿ ಮತ್ತು ಮಲೆನಾಡಿನ ಜಂಬಿಟ್ಟಿಗೆ ಗುಡ್ಡಗಳ ಕುರುಚಲು ಕಾಡಿನಲ್ಲಿ ಕೆಂಪು ಗೊಂಚಲು ಹೊತ್ತು ನಿಲ್ಲುವ ಕೇಪಳ, ಕಾಫಿಯ ಕುಟುಂಬಕ್ಕೇ ಸೇರಿದ ಪೊದೆಸಸ್ಯ.

ಗುರುತಿಸುವಾಗ ಹೂವಿಗಿಂತ ಮೊದಲು ಎಲೆಯನ್ನು ನೋಡಬೇಕು. ದಪ್ಪನೆಯ, ಹೊಳಪುಳ್ಳ ಎಲೆಗಳು ಎದುರುಬದುರಾಗಿ, ಬಹುಮಟ್ಟಿಗೆ ತೊಟ್ಟೇ ಇಲ್ಲದಂತೆ ಕಾಂಡಕ್ಕೆ ಅಂಟಿಕೊಂಡಿರುತ್ತವೆ; ಎರಡು ಎಲೆಗಳ ಬುಡದ ನಡುವೆ ಮುಳ್ಳಿನಂತೆ ಚೂಪಾದ ಪುಟ್ಟ ಪೊರೆಯೊಂದು ಕಾಣಿಸಿದರೆ ಗುರುತು ಇನ್ನಷ್ಟು ಖಚಿತವಾಗುತ್ತದೆ. ಮೊಗ್ಗು ಸೂಜಿಯಂತಿದ್ದು, ಅರಳಿದಾಗ ಉದ್ದನೆಯ ತೆಳು ಕೊಳವೆಯ ತುದಿಯಲ್ಲಿ ನಾಲ್ಕು ಎಸಳುಗಳು ಬಿಚ್ಚಿಕೊಳ್ಳುತ್ತವೆ. ಕೊಳವೆಯ ತಳದಲ್ಲಿರುವ ಮಕರಂದಕ್ಕೆ ಉದ್ದ ನಾಲಗೆಯ ಚಿಟ್ಟೆಗಳು ಬರುತ್ತವೆ. ನಮ್ಮೂರ ಮಕ್ಕಳೂ ಹೂಕೊಳವೆಯೊಳಗಿನ ದಾರದಂಥ ಶಲಾಕೆಯನ್ನು ಮೆಲ್ಲನೆ ಎಳೆದು, ಅದರ ಬುಡದ ಸಿಹಿ ಹನಿಯನ್ನು ಚೀಪುತ್ತಾರೆ.

ಬೆಳೆಸಲು ಕಾಡಿನ ಗಿಡವನ್ನು ದಯವಿಟ್ಟು ಕೀಳಬೇಡಿ. ಮಳೆಗಾಲದ ಆರಂಭದಲ್ಲಿ, ಊರಿನ ಯಾರದಾದರೂ ಬೇಲಿಯ ಗಿಡದಿಂದ ಅರೆಬಲಿತ, ಗೇಣುದ್ದದ ರೆಂಬೆಯನ್ನು ಕೇಳಿ ಪಡೆದು, ಕೆಳಗಿನ ಎಲೆಗಳನ್ನು ತೆಗೆದು, ನೀರು ಬಸಿದುಹೋಗುವ ಮರಳುಮಿಶ್ರಿತ ಮಣ್ಣಿನಲ್ಲಿ ನೆರಳಿರುವೆಡೆ ಊರಬೇಕು. ಬೇರುಬಿಡಲು ಕೆಲವು ವಾರಗಳು ಬೇಕಾಗುವುದರಿಂದ ನಡುವೆ ಎಳೆದು ನೋಡಬಾರದು.

ಕೇಪಳಕ್ಕೆ ಹುಳಿಮಣ್ಣೇ (ಆಮ್ಲೀಯ ಮಣ್ಣೇ) ಹಿತ. ಸುಣ್ಣ ಬಳಿದ ಗೋಡೆಯ ಬುಡದಲ್ಲಿ ನೆಟ್ಟರೆ ಕಬ್ಬಿಣಾಂಶವನ್ನು ಹೀರಲಾಗದೆ, ನರಗಳು ಹಸಿರಾಗಿಯೇ ಉಳಿದು ಎಳೆಯೆಲೆಗಳು ಹಳದಿಯಾಗುತ್ತವೆ. ಹೂಗೊಂಚಲು ರೆಂಬೆಯ ತುದಿಯಲ್ಲೇ ಮೂಡುವುದರಿಂದ, ಸವರುವುದಿದ್ದರೆ ಹೂವು ಮುಗಿದ ಮೇಲೆಯೇ ಸವರಬೇಕು.