‘ನೋಡುವ’ ಅನ್ನೋದನ್ನು ಬಿಟ್ಟಿದ್ದು: ಗಲಾಟೆ ಆದ ಊರಿನಲ್ಲಿ ನನ್ನ ಅನುಭವ

ನಮ್ಮ ಕರಾವಳಿ ಕಡೆ ಒಂದು ಮಾತಿದೆ, ‘ನೋಡುವ’, ಅಂದರೆ ‘ನೋಡೋಣ’. ಮದುವೆಗೆ ಬರ್ತೀರಾ ಅಂದರೆ ನೋಡುವ. ಸಾಲ ಯಾವಾಗ ವಾಪಸ್ ಕೊಡ್ತೀ ಅಂದರೆ ನೋಡುವ. ಯಾರಿಗೂ ಬೇಜಾರಾಗದ ಹಾಗೆ ಮಾತು ಮುಗಿಸೋಕೆ ಇದಕ್ಕಿಂತ ಒಳ್ಳೆಯ ಶಬ್ದ ಇಲ್ಲ. ನಾನು ಅಂಕೋಲೆಯವಳು, ಹುಟ್ಟಿದಾಗಿಂದ ಇದನ್ನೇ ಕೇಳಿ ಬೆಳೆದವಳು. ಕೇಸ್ ವರ್ಕರ್ ಆಗಿ ನಾನು ಮಾಡಿದ ದೊಡ್ಡ ತಪ್ಪೂ ಇದೇ ಶಬ್ದದಿಂದಲೇ ಆಗಿದ್ದು.

ಕೆಲವು ವರ್ಷದ ಹಿಂದೆ ನಮ್ಮ ಜಿಲ್ಲೆಯ ಸಮುದ್ರದ ಬದಿಯ ಒಂದು ಊರಿನಲ್ಲಿ ಎರಡು ದಿನ ಗಲಾಟೆ ಆಯಿತು. ಊರಿನ ಹೆಸರು ಹೇಳೋದಿಲ್ಲ. ಯಾವ ಕೇರಿಯವರು ಮೊದಲು ಕಲ್ಲು ಎಸೆದರು ಅನ್ನೋದನ್ನೂ ಹೇಳೋದಿಲ್ಲ, ಯಾಕಂದರೆ ನನ್ನ ಕೆಲಸಕ್ಕೆ ಅದು ಬೇಕಾಗಿಯೇ ಇರಲಿಲ್ಲ. ರಸ್ತೆಯ ಆಚೆ ಒಂದು ಕೇರಿ, ಈಚೆ ಒಂದು ಕೇರಿ. ಎರಡೂ ಕಡೆ ಅಂಗಡಿ ಸುಟ್ಟಿದ್ದವು, ಬಲೆ ಸುಟ್ಟಿದ್ದವು, ಎರಡೂ ಕಡೆ ಗಂಡಸರು ಮನೆಯಲ್ಲಿ ಮಲಗುತ್ತಿರಲಿಲ್ಲ. ನಿಷೇಧಾಜ್ಞೆ ಹೋಯಿತು, ಇಂಟರ್ನೆಟ್ ಬಂತು, ಪೊಲೀಸ್ ವ್ಯಾನ್ ಕಡಿಮೆಯಾಯಿತು. ಅಕ್ಕಿ, ಚಾದರ ಹಂಚುವವರು ಹಂಚಿ ಫೋಟೋ ತೆಗೆಸಿಕೊಂಡು ಹೋದರು. ನಮ್ಮ ಕೆಲಸ ಶುರುವಾಗಿದ್ದು ಆಮೇಲೆ.

ಕೇಸ್ ವರ್ಕ್ ಅಂದರೆ ಏನು ಅಂತ ನಮ್ಮ ಮನೆಯಲ್ಲೇ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಆಯಿಗೆ ಕೇಳಿದರೆ ‘ಮಗಳು ಕೋರ್ಟಿನಲ್ಲಿ ಇದ್ದಾಳೆ’ ಅನ್ನುತ್ತಾಳೆ! ಸುಲಭವಾಗಿ ಹೇಳಬೇಕಂದರೆ, ಒಂದು ಮನೆಗೆ ಒಬ್ಬಳು. ಆ ಮನೆಗೆ ಏನೇನು ಬೇಕು ಅಂತ ಅವರ ಜೊತೆಯೇ ಕೂತು ಗೊತ್ತು ಮಾಡಿಕೊಳ್ಳೋದು, ಯಾವುದು ಮೊದಲು ಅಂತ ಅವರೇ ಹೇಳೋದು, ಅದು ಎಲ್ಲಿ ಸಿಗುತ್ತದೋ ಅಲ್ಲಿಗೆ ದಾರಿ ಮಾಡಿಕೊಡೋದು, ಸಿಕ್ಕಿತಾ ಇಲ್ಲವಾ ಅಂತ ಮತ್ತೆ ಹೋಗಿ ವಿಚಾರಿಸೋದು, ಕೊನೆಗೆ ಫೈಲ್ ಮುಚ್ಚೋದು. ನಮ್ಮದು ಅಂಗಡಿಯ ಮಾಳಿಗೆ ಮೇಲಿನ ಒಂದು ಕೋಣೆಯ ಆಫೀಸು. ನನ್ನ ಪಾಲಿಗೆ 23 ಫೈಲ್ ಬಂತು. ಮಕ್ಕಳ ರಕ್ಷಣೆಯ ಕೆಲಸಕ್ಕೆ ಜಗತ್ತಿನ ಸಂಸ್ಥೆಗಳೆಲ್ಲ ಸೇರಿ ಮಾಡಿಕೊಂಡ ಮಾನದಂಡದಲ್ಲಿ ಒಬ್ಬರಿಗೆ 25ಕ್ಕಿಂತ ಜಾಸ್ತಿ ಮಕ್ಕಳ ಕೇಸ್ ಕೊಡಬಾರದು ಅಂತಿದೆ. 23 ಅಂದರೆ ಹಗುರ ಅಂದುಕೊಂಡಿದ್ದೆ, ಎರಡನೇ ವಾರಕ್ಕೆ ಅದರ ತೂಕ ಗೊತ್ತಾಯಿತು.

ಮೊದಲ ದಿನವೇ ಎಡವಿದೆ. ಸಂಸ್ಥೆಯ ಹೆಸರು ಬರೆದ ಜೀಪನ್ನು ಸೀದಾ ಒಬ್ಬರ ಅಂಗಳಕ್ಕೆ ತಂದು ನಿಲ್ಲಿಸಿದೆವು. ಐದು ನಿಮಿಷದಲ್ಲಿ ಅಕ್ಕಪಕ್ಕದವರೆಲ್ಲ ಬೇಲಿಯ ಹತ್ತಿರ ನಿಂತಿದ್ದರು. ‘ಇವರ ಮನೆಗೆ ಎಂತಕ್ಕೆ ಬಂದದ್ದು? ಎಷ್ಟು ಕೊಟ್ಟರು?’ ಆ ಮನೆಯ ಹೆಂಗಸು ನಮ್ಮ ಹತ್ತಿರ ಒಂದು ಮಾತೂ ಆಡಲಿಲ್ಲ. ಮರುದಿನದಿಂದ ಜೀಪು ಮೇನ್ ರಸ್ತೆಯಲ್ಲೇ ನಿಂತಿತು, ನಾವು ನಡೆದುಕೊಂಡು ಹೋದೆವು. ಒಬ್ಬಳು ಆಚೆ ಕೇರಿಯ ಭಾಷೆ ಬರುವವಳು, ಒಬ್ಬಳು ಈಚೆಯದು, ಯಾವಾಗಲೂ ಇಬ್ಬರೂ ಜೊತೆಗೆ. ಒಂದು ದಿನ ಆಚೆ ಮೊದಲು, ಮರುದಿನ ಈಚೆ ಮೊದಲು. ಚಾ ಎರಡೂ ಕಡೆ ಕುಡಿಯಬೇಕು. ಇದು ತಮಾಷೆಯಲ್ಲ, ಒಂದು ಮನೆಯಲ್ಲಿ ಚಾ ಬೇಡ ಅಂದಿದ್ದಕ್ಕೆ ‘ನಮ್ಮ ಲೋಟ ಆಗುವುದಿಲ್ಲವಾ’ ಅಂತ ನನ್ನ ಮುಖಕ್ಕೇ ಕೇಳಿದ್ದರು. ಆಮೇಲೆ ದಿನಕ್ಕೆ ಒಂಬತ್ತು ಚಾ ಕುಡಿದು ಹೊಟ್ಟೆ ಉರಿಸಿಕೊಂಡಿದ್ದೂ ಇದೆ.

ಇನ್ನೊಂದು ವಿಷಯ. ಹೋದ ಕೂಡಲೇ ‘ಆ ದಿನ ಏನಾಯಿತು ಹೇಳಿ’ ಅಂತ ಕೇಳಲೇಬಾರದು. ನೋವನ್ನೆಲ್ಲ ಹೊರಗೆ ಹಾಕಿದರೆ ಹಗುರ ಆಗುತ್ತದೆ ಅಂತ ನಾವೆಲ್ಲ ನಂಬಿದ್ದೇವೆ. ಆದರೆ ಒತ್ತಾಯ ಮಾಡಿ ಹೇಳಿಸೋದು ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಅವರು 2011ರಲ್ಲಿ ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯಲ್ಲಿ ಇರೋದು ಮೂರೇ ಶಬ್ದ: ನೋಡು, ಕೇಳು, ಬೇಕಾದ ನೆರವಿಗೆ ಜೋಡಿಸು. ಆ ಊರಿನ ಜನ ಅಷ್ಟರಲ್ಲಿ ಪೊಲೀಸರಿಗೆ, ಕಂದಾಯದವರಿಗೆ, ಟಿವಿಯವರಿಗೆ, ಎರಡು ಪಕ್ಷದ ಮುಖಂಡರಿಗೆ ಅದೇ ಕತೆ ಹೇಳಿ ಹೇಳಿ ಸುಸ್ತಾಗಿದ್ದರು. ನಾನು ಕೇಳುತ್ತಿದ್ದದ್ದು ನಾಳೆ ಬೆಳಿಗ್ಗೆಗೆ ಏನು ಬೇಕು ಅಂತ. ಒಬ್ಬಳು ಗ್ಯಾಸ್ ರೆಗ್ಯುಲೇಟರ್ ಅಂದಳು. ಒಬ್ಬರು ಬಿಪಿ ಮಾತ್ರೆ ಅಂದರು. ಒಂದು ಹುಡುಗಿ, ಪಿಯುಸಿ ಹಾಲ್ ಟಿಕೆಟ್ ಅಂದಳು, ಚೀಲದ ಜೊತೆ ಸುಟ್ಟುಹೋಗಿತ್ತು. ಅದನ್ನು ಕಾಲೇಜಿನಿಂದ ಮತ್ತೆ ತೆಗೆಸಿಕೊಡೋಕೆ ಒಂದೇ ದಿನ ಸಾಕಾಯಿತು, ಆದರೆ ಆ ಒಂದು ಕಾಗದದಿಂದ ಇಡೀ ಕೇರಿ ನಮ್ಮನ್ನು ನಂಬಿತು.

ಕೂರುವ ಮೊದಲು ಒಂದು ಮಾತು ಸ್ಪಷ್ಟವಾಗಿ ಹೇಳುತ್ತಿದ್ದೆ. ನೀವು ಹೇಳಿದ್ದು ನನ್ನಲ್ಲೇ ಇರುತ್ತದೆ, ಆದರೆ ಯಾರ ಜೀವಕ್ಕಾದರೂ ಅಪಾಯ ಇದೆ ಅನ್ನಿಸಿದರೆ, ಮಗುವಿಗೆ ತೊಂದರೆ ಇದೆ ಅನ್ನಿಸಿದರೆ ಬೇರೆಯವರಿಗೆ ಹೇಳಲೇಬೇಕಾಗುತ್ತದೆ. ಫೈಲಿನ ಮೇಲೆ ಹೆಸರು ಬರೆಯುತ್ತಿರಲಿಲ್ಲ, ಬರೀ ನಂಬರು. ಹೆಸರಿನ ಪಟ್ಟಿ ಬೇರೆ ಕಪಾಟಿನಲ್ಲಿ, ಬೀಗದ ಕೈ ನಮ್ಮ ಮೇಡಂ ಹತ್ತಿರ. ಯಾರ ಫೋಟೋವನ್ನೂ ವಾಟ್ಸಾಪಿನಲ್ಲಿ ಕಳಿಸುವ ಹಾಗಿಲ್ಲ, ಆಫೀಸಿನ ಗ್ರೂಪಿಗೂ.

ಈಗ ಆ ‘ನೋಡುವ’ ಕತೆ.

ಒಣಮೀನು ಮಾರುವ ಒಬ್ಬ ಅಮ್ಮ ಇದ್ದರು, ಅರವತ್ತರ ಮೇಲೆ ವಯಸ್ಸು. ಮಡಲಿನ ಗುಡಿಸಲಿನಲ್ಲಿ ಇಟ್ಟಿದ್ದ ಬಂಗಡೆ, ಸಿಗಡಿ ಎಲ್ಲ ಬುಟ್ಟಿ ಸಮೇತ ಬೂದಿ. ಒಣಮೀನಿಗೆ ಬಿಲ್ ಎಲ್ಲಿಂದ ಬರಬೇಕು? ಮಹಜರಿನಲ್ಲಿ ‘ತೆಂಗಿನ ಗರಿಯ ಗುಡಿಸಲು 1’ ಅಂತಷ್ಟೇ ಬರೆದಿದ್ದರು. ಮೀನಿನ ವಿಷಯವೇ ಇಲ್ಲ. ‘ತಂಗೀ, ಮೀನಿನ ದುಡ್ಡು ಬರೂದಾ?’ ಅಂತ ಕೇಳಿದರು. ನಾನು ‘ನೋಡುವ ಅಮ್ಮಾ’ ಅಂದೆ. ಬಾಯಿಗೆ ಬಂದ ಮಾತು, ಸುಮ್ನೆ ಅಂದಿದ್ದು.

ಮೂರು ವಾರ ಬಿಟ್ಟು ಹೋದಾಗ ಅವರು ರಸ್ತೆ ಬದಿಯ ಕಟ್ಟೆಯ ಮೇಲೆ ಕೂತಿದ್ದರು. ದಿನಾ ಬೆಳಿಗ್ಗೆ ಅಲ್ಲೇ ಕೂರುತ್ತಿದ್ದರಂತೆ, ನಮ್ಮ ಜೀಪು ಬರುತ್ತದೆ ಅಂತ. ಅಷ್ಟರಲ್ಲಿ ಸಂಘದವರು ಸಾಲ ಕೊಡುತ್ತೇವೆ ಅಂದಿದ್ದರು, ಇವರು ಬೇಡ ಅಂದುಬಿಟ್ಟಿದ್ದರು. ‘ನೀ ನೋಡುವ ಅಂದೆ ಅಲ್ದಾ, ದುಡ್ಡು ಬತ್ತದಲೆ ಅಂತ ಸಾಲ ಎಂತಕ್ಕೆ ಮಾಡೂದು?’

ಇದರಲ್ಲಿ ನಷ್ಟ ಏನು ಅಂತ ಘಟ್ಟದ ಮೇಲಿನವರಿಗೆ ಗೊತ್ತಾಗಲಿಕ್ಕಿಲ್ಲ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಳೆಗಾಲಕ್ಕೆ ಅಂತ ಜನ ಒಣಮೀನು ತೆಗೆದಿಡೋದು ಏಪ್ರಿಲ್, ಮೇನಲ್ಲಿ. ಶಿರಸಿ, ಸಿದ್ದಾಪುರದ ಕಡೆಗೂ ಹೋಗುತ್ತದೆ. ಅಂದರೆ ಹಸಿ ಮೀನು ಕೊಂಡು, ಉಪ್ಪು ಹಾಕಿ, ಒಣಗಿಸೋಕೆ ಬಂಡವಾಳ ಬೇಕಾಗಿದ್ದು ಆವಾಗಲೇ. ಫೆಬ್ರವರಿಯಲ್ಲಿ ಗುಡಿಸಲು ಸುಟ್ಟಿತ್ತು, ಮಾರ್ಚ್ ಪೂರ್ತಿ ನನ್ನ ಒಂದು ಮಾತಿನಲ್ಲಿ ಹೋಯಿತು. ಅವತ್ತು ರಾತ್ರಿ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತೆ. ಪಕ್ಕದವರಿಗೆ ಕಾಣಬಾರದು ಅಂತ.

ಮರುದಿನ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದು ನಡುವೆ ಗೆರೆ ಎಳೆದೆ. ಎಡಕ್ಕೆ ನಾನು ಏನು ಮಾಡುತ್ತೇನೆ ಅಂದೆ, ಬಲಕ್ಕೆ ಯಾವ ದಿನ. ದಿನ ಹೇಳೋಕೆ ಆಗದಿದ್ದರೆ ಮಾತನ್ನೇ ಕೊಡಬಾರದು. ಪರಿಹಾರ ಕೊಡಿಸುತ್ತೇನೆ ಅನ್ನೋದು ನನ್ನ ಕೈಯಲ್ಲಿಲ್ಲ, ಆದರೆ ಸೋಮವಾರ ನಿಮ್ಮ ಜೊತೆ ತಹಶೀಲ್ದಾರ್ ಕಚೇರಿಗೆ ಬರುತ್ತೇನೆ ಅನ್ನೋದು ಇದೆ. ಏನೂ ಆಗದಿದ್ದರೂ ಹೇಳಿದ ದಿನ ಹೋಗಿ, ಏನೂ ಆಗಲಿಲ್ಲ ಅಂತ ಹೇಳಿ ಬರಬೇಕು. ಇದು ಬಹಳ ಕಷ್ಟ. ಬರಿಗೈಯಲ್ಲಿ ಒಂದು ಅಂಗಳ ದಾಟೋದಕ್ಕಿಂತ ಫೋನ್ ಎತ್ತದೆ ಇರೋದು ಸುಲಭ.

ಆ ಅಮ್ಮನ ಜೊತೆ ಸಂಘಕ್ಕೆ ಹೋಗಿ ಸಾಲದ ವಿಷಯ ಮತ್ತೆ ಮಾತಾಡಿದೆವು, ಏಪ್ರಿಲ್ ಎರಡನೇ ವಾರ ಸಿಕ್ಕಿತು. ಮಹಜರಿನಲ್ಲಿ ಬಿಟ್ಟುಹೋದ ಮೀನಿನ ಬಗ್ಗೆ ಅರ್ಜಿ ಬರೆದೆವು. ಅವರಿಗೆ ಹಸಿ ಮೀನು ಕೊಟ್ಟ ದೋಣಿಯವರ ಹೇಳಿಕೆ, ಸಂತೆಯಲ್ಲಿ ಪಕ್ಕದಲ್ಲಿ ಕೂರುವ ಇಬ್ಬರು ಹೆಂಗಸರ ಹೇಳಿಕೆ. ಅದರಲ್ಲಿ ಒಬ್ಬರು ಆಚೆ ಕೇರಿಯವರು. ನಾನು ಕೇಳೋಕೆ ಹೆದರಿದ್ದೆ, ಅಮ್ಮನೇ ಹೋಗಿ ಕೇಳಿದರು. ‘ಇಪ್ಪತ್ತು ವರ್ಷ ಬದಿಯಲ್ಲಿ ಕೂತು ಮಾರಿದವ್ಳು, ಅವ್ಳಿಗೆ ಗೊತ್ತಿಲ್ದೆ ಮತ್ಯಾರಿಗೆ ಗೊತ್ತಿತ್ತು?’

ಕಾಗದದ ವಿಷಯದಲ್ಲಿ ಕೆಲವು ಸಂಗತಿ ಮೊದಲೇ ಗೊತ್ತಿದ್ದರೆ ಎಷ್ಟೋ ಅಲೆದಾಟ ತಪ್ಪುತ್ತಿತ್ತು. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು, ಅದು ಕಾನೂನು. ಉಚಿತ ವಕೀಲರು ಬಡವರಿಗೆ ಮಾತ್ರ ಅಂತ ನಾನೂ ತಿಳಿದಿದ್ದೆ. 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಸೆಕ್ಷನ್ ಓದಿದಾಗ ಗೊತ್ತಾಯಿತು, ಹೆಂಗಸರು, ಮಕ್ಕಳು, ಜನಾಂಗೀಯ ಹಿಂಸೆಗೆ ಸಿಕ್ಕಿದವರು, ಇವರಿಗೆಲ್ಲ ಆದಾಯದ ಲೆಕ್ಕವೇ ಇಲ್ಲ. ತಾಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಇನ್ನು ಗಾಡಿ. ಒಬ್ಬರ ಆಟೋ ಸುಟ್ಟಿತ್ತು, ಇನ್ಶೂರೆನ್ಸ್ ಇದೆ ಅಂತ ಧೈರ್ಯವಾಗಿದ್ದರು. ತೆಗೆದು ನೋಡಿದರೆ ಬರೀ ಥರ್ಡ್ ಪಾರ್ಟಿ. ಫುಲ್ ಇನ್ಶೂರೆನ್ಸ್ ಮಾಡಿಸಿದ್ದರೆ ಗಲಭೆಯ ನಷ್ಟವೂ ಅದರಲ್ಲಿ ಬರುತ್ತದೆ, ಥರ್ಡ್ ಪಾರ್ಟಿಯಲ್ಲಿ ಸ್ವಂತ ಗಾಡಿಗೆ ಒಂದು ರೂಪಾಯಿ ಇಲ್ಲ. ಅವರಿಗೆ ಅದನ್ನು ಹೇಳಬೇಕಾದ ದಿನ ನೋಟ್‌ಬುಕ್ಕಿನಲ್ಲಿ ಗುರುವಾರ ಅಂತಿತ್ತು. ಗುರುವಾರ ಹೋಗಿ ಹೇಳಿದೆ. ಅವರು ಬೈದರು, ಕೇಳಿಸಿಕೊಂಡೆ. ಬೈದು ಮುಗಿದ ಮೇಲೆ ‘ಬಿಸಿಲಲ್ಲಿ ಬಂದ್ರಿ, ಮಜ್ಜಿಗೆ ಕುಡೀರಿ’ ಅಂದರು.

ಮಕ್ಕಳ ಕೆಲಸ ನಿಧಾನ. ಮೂರನೇ ಕ್ಲಾಸಿನ ಒಬ್ಬ ಹುಡುಗ ಶಾಲೆಗೆ ಹೋಗೋದು ಬಿಟ್ಟಿದ್ದ, ದಾರಿಯಲ್ಲಿ ಸುಟ್ಟ ಅಂಗಡಿ ಸಿಗುತ್ತದೆ ಅಂತ. ದೂರದಲ್ಲಿ ಯಕ್ಷಗಾನದ ಚಂಡೆ ಕೇಳಿದರೂ ಅಜ್ಜಿಯ ಸೆರಗು ಹಿಡಿಯುತ್ತಿದ್ದ. ಮೊದಲ ದಿನ ಅಜ್ಜಿಯ ಜೊತೆ ಗೇಟಿನವರೆಗೆ ಬಂದ. ಎರಡು ದಿನ ಬಿಟ್ಟು ಮಾವಿನ ಮರದವರೆಗೆ. ಎಲ್ಲಿಯವರೆಗೆ ಅಂತ ಅವನೇ ಹೇಳಬೇಕು, ನಾವು ಎಳೆಯಬಾರದು. ಟೀಚರ್ ಅವನ ದೋಸ್ತನನ್ನು ಆ ಅಂಗಡಿಯ ಹತ್ತಿರ ಕಾಯೋಕೆ ಕಳಿಸಿದರು. ಶಾಲೆ ಮುಟ್ಟೋಕೆ ಹದಿನೇಳು ದಿನ ಬೇಕಾಯಿತು. ಇನ್ನೊಬ್ಬ ತಾಯಿಗೆ ಮಾತ್ರ ನಾವು ಸಾಕಾಗಲಿಲ್ಲ, ನಿದ್ದೆಯೇ ಇಲ್ಲ, ಊಟ ಬಿಟ್ಟಿದ್ದರು. ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ‘ಹುಚ್ಚರ ಡಾಕ್ಟರ್’ ಅಂತ ಅವರ ಗಂಡನಿಗೆ ಅನ್ನಿಸಬಾರದು ಅಂತ ಎರಡು ಸಲ ಮನೆಗೆ ಹೋಗಿ ಅವರ ಹತ್ತಿರವೂ ಮಾತಾಡಬೇಕಾಯಿತು. ಈಗ ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಆದರೂ ಮೊದಲ ಸಲ ಜೊತೆಗೆ ಒಬ್ಬರು ಹೋಗೋದೇ ಒಳ್ಳೇದು ಅಂತ ನನಗನ್ನಿಸುತ್ತದೆ.

ನನ್ನ ನಿದ್ದೆಯೂ ಕೆಟ್ಟಿತ್ತು. ಶನಿವಾರ ಸಂಜೆ ಮೇಡಂ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಫೈಲ್ ಕೇಳುವ ಮೊದಲು ಊಟದ ಬಗ್ಗೆ ಕೇಳುತ್ತಿದ್ದರು. ಆವಾಗ ಸಿಟ್ಟು ಬರುತ್ತಿತ್ತು, ಈಗ ನಾನೂ ಹೊಸಬರಿಗೆ ಅದನ್ನೇ ಕೇಳುತ್ತೇನೆ.

ಒಣಮೀನಿನ ಅಮ್ಮನ ಫೈಲ್ ಮುಚ್ಚಿದ್ದು ನವೆಂಬರಿನಲ್ಲಿ. ಪರಿಹಾರ ಬಂತು, ಕೇಳಿದ್ದಕ್ಕಿಂತ ಕಡಿಮೆ. ಸಾಲದ ಮುಕ್ಕಾಲು ಭಾಗ ಅವರು ಅಷ್ಟರಲ್ಲೇ ತೀರಿಸಿದ್ದರು. ಫೈಲ್ ಮುಚ್ಚುವಾಗಲೂ ಇನ್ನು ಬರೋದಿಲ್ಲ ಅಂತ ಬಾಯಿಬಿಟ್ಟು ಹೇಳಬೇಕು, ಸುಮ್ಮನೆ ಮಾಯವಾಗಬಾರದು. ಹೇಳಿದೆ. ಅವರು ಕಾಗದದಲ್ಲಿ ಒಂದು ಮುಷ್ಟಿ ಒಣ ಸಿಗಡಿ ಕಟ್ಟಿದರು. ಉಡುಗೊರೆ ತೆಗೆದುಕೊಳ್ಳುವ ಹಾಗಿಲ್ಲ ಅಂದೆ. ಹಾಗಾದರೆ ಹತ್ತು ರೂಪಾಯಿ ಕೊಡು ಅಂದರು, ಕೊಟ್ಟೆ.

‘ಮತ್ತೆ ಬತ್ಯಾ?’

ನೋಡುವ ಅನ್ನೋದು ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡೆ. ‘ಕೆಲಸದ ಮೇಲೆ ಬರೂದಿಲ್ಲ ಅಮ್ಮಾ. ಮೀನು ತಕೊಳ್ಳೂಕೆ ಬತ್ತೆ.’

‘ಯಾವ ದಿನ?’ ಅಂದರು.